ಅರ್ಥದ ಜೊತೆಗೆ ಪದದ ಮೂಲವನ್ನೂ ಕೊಡಿ

ಮಾನ್ಯರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬಳಕೆ ತಪ್ಪಿದ ಇಂಗ್ಲಿಷ್ ಪದಗಳನ್ನು ಪರಿಚಯಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಒಂದು ಪದ, ಅದರ ಮುಂದೆ ಒಂದು ಸಾಲಿನ ಅರ್ಥ, ಅಲ್ಲಿಗೇ ಅಂಕಣ ಮುಗಿದುಹೋಗುತ್ತದೆ. ಪದ ಹುಟ್ಟಿದ್ದು ಹೇಗೆ ಎಂದು ತಿಳಿಯದಿದ್ದರೆ ಮಕ್ಕಳು ಅದನ್ನು ಉರು ಹೊಡೆಯುತ್ತಾರೆ, ಮರುವಾರ ಮರೆಯುತ್ತಾರೆ.

ಅಂಕಣದಲ್ಲಿ ಬಂದ 'ಸೆನ್ನೈಟ್' ಪದವನ್ನೇ ನೋಡಿ. 'ಒಂದು ವಾರ' ಎಂದು ಅರ್ಥ ಕೊಟ್ಟಿದ್ದೀರಿ, ಸರಿಯೇ. 'ಸೆವೆನ್ ನೈಟ್' ಎಂಬುದು ಬಾಯಲ್ಲಿ ಸವೆದು ಹಾಗಾಯಿತು. ಎಂದರೆ ಏಳು ರಾತ್ರಿ. ಜರ್ಮ್ಯಾನಿಕ್ ಬುಡಕಟ್ಟಿನವರು ಕಾಲವನ್ನು ಹಗಲುಗಳಲ್ಲಿ ಅಲ್ಲ, ರಾತ್ರಿಗಳಲ್ಲಿ ಎಣಿಸುತ್ತಾರೆ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಮೊದಲ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದಾನೆ. ಆ ಮೂಲದ ಜನ ಇಂಗ್ಲೆಂಡಿಗೆ ವಲಸೆ ಹೋದಾಗ ಎಣಿಕೆಯ ಕ್ರಮವೂ ಜೊತೆಗೆ ಹೋಯಿತು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಮಾಟಗಾತಿ ನಾವಿಕನೊಬ್ಬನಿಗೆ ಶಾಪ ಹಾಕುವುದೂ ಇದೇ ಲೆಕ್ಕದಲ್ಲಿ: ಒಂಬತ್ತೊಂಬತ್ಲಿ ಎಂಬತ್ತೊಂದು ಸೆನ್ನೈಟ್ ಕಾಲ ಅವನು ಸೊರಗಿ ಸಣ್ಣಗಾಗಬೇಕು. ವಾರಕ್ಕೆ 'ವೀಕ್' ಎಂಬ ಪದ ಮೊದಲೇ ಇದ್ದುದರಿಂದ ಸೆನ್ನೈಟ್ ಮೂಲೆಗೆ ಸರಿಯಿತು ಎಂಬುದು ನನ್ನ ಅಭಿಪ್ರಾಯ. ಅದರ ಒಡಹುಟ್ಟು, ಹದಿನಾಲ್ಕು ರಾತ್ರಿಗಳ 'ಫೋರ್ಟ್‌ನೈಟ್', ಮಾತ್ರ ಉಳಿದುಕೊಂಡಿತು. ಅಮೆರಿಕದವರು ಅಪರೂಪಕ್ಕೆ ಬಳಸುವ ಆ ಪದ ನಮ್ಮ ಕಚೇರಿಯ ಪತ್ರಗಳಲ್ಲಿ ಇಂದಿಗೂ ಓಡಾಡುತ್ತಿದೆ. ಇಷ್ಟು ಹೇಳಿದರೆ ಯಾವ ಮಗುವೂ ಸೆನ್ನೈಟನ್ನು ಮರೆಯದು.

'ಈಕ್' ಕೂಡ ಹಾಗೆಯೇ. ಹೆಚ್ಚುವರಿ ಎಂಬ ಅರ್ಥದ ಆ ಹಳೆಯ ನಾಮಪದ ಈಗ ಬಳಕೆಯಲ್ಲಿಲ್ಲ. 'ಆ್ಯನ್ ಈಕ್‌ನೇಮ್' ಎಂದರೆ ಹೆಚ್ಚುವರಿ ಹೆಸರು. ಅದನ್ನು ಬೇಗಬೇಗ ಹೇಳುವಾಗ ನಕಾರ ಮುಂದಿನ ಪದಕ್ಕೆ ಅಂಟಿಕೊಂಡು 'ನಿಕ್‌ನೇಮ್' ಆಯಿತು.

ನನಗೆ ನಿಜಕ್ಕೂ ಬೇಸರ ತಂದದ್ದು ಅದೇ ಪುಟದ ಪೆಟ್ಟಿಗೆ ಸುದ್ದಿ. ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿ 'ನ್ಯೂಸ್' ಆಯಿತೆಂದು ಅಲ್ಲಿ ಅಚ್ಚಾಗಿದೆ. ಶಾಲೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಈ ಕಥೆ ಶುದ್ಧ ಸುಳ್ಳು. ಹೊಸತು ಎಂಬ ಅರ್ಥದ 'ನ್ಯೂ' ಪದದ ಬಹುವಚನವೇ ನ್ಯೂಸ್. ಹಳೆಯ ಬರಹಗಳಲ್ಲಿ ಅದರ ಕಾಗುಣಿತ ಹಲವು ಬಗೆಯಾಗಿದೆ. ದಿಕ್ಕುಗಳಿಂದ ಹುಟ್ಟಿದ್ದರೆ ಹಾಗಾಗಲು ಸಾಧ್ಯವಿರಲಿಲ್ಲ. ಭಾರತಕ್ಕೆ ಬರುತ್ತಿದ್ದ ಹಡಗುಗಳ ಟಿಕೆಟಿನ ಮೇಲೆ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' (ಬರುವಾಗ ಹಡಗಿನ ಎಡಬದಿ, ಮರಳುವಾಗ ಬಲಬದಿ) ಎಂಬುದರ ಮೊದಲ ಅಕ್ಷರಗಳ ಮುದ್ರೆ ಇತ್ತು, ಅದರಿಂದ ಸಿರಿವಂತಿಕೆಯ ಠೀವಿ ಸೂಚಿಸುವ 'ಪಾಶ್' ಹುಟ್ಟಿತೆಂಬುದೂ ಇಂಥದ್ದೇ ಕಟ್ಟುಕಥೆ. ಅಂಥ ಮುದ್ರೆಯಿರುವ ಒಂದು ಟಿಕೆಟೂ ಸಿಕ್ಕಿಲ್ಲ.

1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪ್ರತಿ ಪದಕ್ಕೂ ಹಳೆಯ ಪ್ರಯೋಗಗಳನ್ನು ಇಸವಿ ಸಮೇತ ಕೊಡುತ್ತದೆ, ಸತ್ತ ಪದಗಳಿಗೆ ಕಠಾರಿಯ ಗುರುತು (†) ಹಾಕುತ್ತದೆ. ಅಂಕಣಕಾರರು ಅದನ್ನೊಮ್ಮೆ ನೋಡಿ ಬರೆಯಲಿ. ವಾರಕ್ಕೆ ಐದು ಪದಗಳು ಬೇಡ, ಮೂಲಸಹಿತ ಒಂದು ಸಾಕು. 'ನ್ಯೂಸ್' ಕುರಿತ ತಿದ್ದುಪಡಿಯನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ