ಏಳು ಸಭೆಗಳ ದಾರಿಯಲ್ಲಿ ನಮ್ಮೊಡನೆ ಉಳಿದವರಿಗೆ

ಇನ್ನು ನಿಧಾನವಾಗಿ ಮೆಟ್ಟಿಲು ಹತ್ತಬಹುದು ಎಂದು ವೈದ್ಯರು ಕಳೆದ ಸೋಮವಾರ ನನ್ನ ಯಜಮಾನರಿಗೆ ಹೇಳಿದರು. ಈ ಒಂದು ಮಾತಿಗಾಗಿಯೇ ಕಾದಿದ್ದು ಇಂದು ಬರೆಯಲು ಕುಳಿತಿದ್ದೇನೆ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಪತ್ರ ಪಡೆದ, ಇಂದಿನ ಟರ್ಕಿಯಲ್ಲಿದ್ದ ಏಳು ಆದಿ ಕ್ರೈಸ್ತ ಸಭೆಗಳ ಊರುಗಳ ಯಾತ್ರೆಗೆ ನಮ್ಮೊಡನೆ ಬಂದಿದ್ದ 26 ಮಂದಿಗೂ, ಇಲ್ಲಿ ಧಾರವಾಡದಲ್ಲಿ ಪ್ರಾರ್ಥಿಸುತ್ತಿದ್ದವರಿಗೂ ಯಜಮಾನರು ಅಲ್ಲಿ ಕಾಯಿಲೆ ಬಿದ್ದದ್ದು ತಿಳಿದೇ ಇರುವುದರಿಂದ ಅದರ ವಿವರಕ್ಕೆ ಹೋಗುವುದಿಲ್ಲ.

ಎಫೆಸದ ದಿನ ನಮ್ಮ ಪಾಲಿಗೆ ಹಬ್ಬವೇ ಆಗಿತ್ತು. ಅಪೊಸ್ತಲ ಪೌಲನ ವಿರುದ್ಧ ಅಕ್ಕಸಾಲಿಗ ದೇಮೇತ್ರಿಯ ಎಬ್ಬಿಸಿದ ಗಲಭೆಯಲ್ಲಿ ಊರಿಗೆ ಊರೇ ನುಗ್ಗಿದ ಆ ದೊಡ್ಡ ನಾಟಕಶಾಲೆಯ ಮೆಟ್ಟಿಲ ಮೇಲೆ ಕುಳಿತು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಿದವರು ನನ್ನ ಯಜಮಾನರೇ. ಮರುದಿನ ಲವೊದಿಕೀಯದಲ್ಲಿ, ಎರಡು ಸಾವಿರ ವರ್ಷ ಹಳೆಯ ನೀರಿನ ಕೊಳವೆಗಳನ್ನು ಅವರು ಬಗ್ಗಿ ಬಗ್ಗಿ ನೋಡಿದರು. ಕೊಳವೆಯ ಒಳಮೈಗೆ ಸುಣ್ಣ ಪದರ ಪದರವಾಗಿ ಕಟ್ಟಿಕೊಂಡು, ನಡುವೆ ಹೆಬ್ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಕಣಿವೆಯಾಚೆ ಹಿಯರಾಪೊಲಿಯ ಬಿಸಿನೀರು, ಈಚೆ ಕೊಲೊಸ್ಸೆಯ ತಣ್ಣೀರು, ನಡುವೆ ದೂರದಿಂದ ಹರಿದು ಬಂದ ನೀರು ಕುಡಿದ ಈ ಊರು. ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎಂದು ಇಲ್ಲಿನ ಸಭೆಗೆ ಬರೆದ ಪತ್ರದಲ್ಲಿ ಬರುವ, ಚಿಕ್ಕಂದಿನಿಂದ ಕೇಳಿದ್ದ ‘ಉಗುರುಬೆಚ್ಚಗೆ’ ಎಂಬ ಮಾತು ಅಲ್ಲಿ ಕೈಗೆ ತಾಗಿದಂತಾಯಿತು.

ಅದೇ ಸಂಜೆ ಹಿಯರಾಪೊಲಿಯಲ್ಲಿ, ಅಪೊಸ್ತಲ ಫಿಲಿಪ್ಪನ ನೆನಪಿಗೆ 5ನೆಯ ಶತಮಾನದಲ್ಲಿ ಕಟ್ಟಿದ ಎಂಟು ಮೂಲೆಯ ಮಂದಿರಕ್ಕೆ ಹತ್ತುವ ಮೆಟ್ಟಿಲುಗಳ ಬಳಿ ಅವರು ‘ನನಗೆ ಸಾಕು, ನೀನು ಹೋಗಿ ಬಾ’ ಎಂದರು. ಇಷ್ಟು ದೂರ ಬಂದು ಇದನ್ನು ನೋಡದೆ ಹೋಗುವುದೇ ಎಂದು ಕೈಹಿಡಿದು ಹತ್ತಿಸಿದವಳು ನಾನು. ಆ ಮೆಟ್ಟಿಲು ಹತ್ತಿದ್ದಕ್ಕೂ ರಾತ್ರಿ ಅವರಿಗೆ ಬಂದ ಕಾಯಿಲೆಗೂ ಸಂಬಂಧವಿಲ್ಲ ಎಂದು ಇಬ್ಬರು ವೈದ್ಯರು ಹೇಳಿದ್ದಾರೆ. ಆದರೂ ರಾತ್ರಿ ಎಚ್ಚರವಾದಾಗ ಆ ಮೆಟ್ಟಿಲುಗಳೇ ಕಣ್ಣಮುಂದೆ ಬರುತ್ತವೆ.

ಆ ರಾತ್ರಿ ಹತ್ತಿರದ ದೆನಿಜ್ಲಿ ಪಟ್ಟಣದ ಆಸ್ಪತ್ರೆಗೆ ನಮ್ಮ ಜೊತೆ ವಾಹನ ಹತ್ತಿದವರು ಬೀದರ್ ಕಡೆಯ ನಿವೃತ್ತ ಇತಿಹಾಸ ಶಿಕ್ಷಕಿ. ಹೆಸರು ಬರೆಯಬಾರದೆಂದು ಮಾತು ತೆಗೆದುಕೊಂಡಿರುವುದರಿಂದ ಅಕ್ಕ ಎಂದೇ ಕರೆಯುತ್ತೇನೆ. ಆರು ದಿನದ ಹಿಂದೆ ವಿಮಾನ ನಿಲ್ದಾಣದಲ್ಲಿ ನೋಡುವವರೆಗೆ ನಮಗೂ ಅವರಿಗೂ ಪರಿಚಯವೇ ಇರಲಿಲ್ಲ. ತಮ್ಮ ಶಾಲನ್ನು ನನಗೆ ಹೊದಿಸಿ, ತಾವು ಆ ಚಳಿಯಲ್ಲಿ ಬರೀ ಸೀರೆಯ ಸೆರಗು ಹೊದ್ದುಕೊಂಡು ಬೆಳಗಿನವರೆಗೆ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕುಳಿತಿದ್ದ ಯಾರದೋ ತಾಯಿ ನಮ್ಮಿಬ್ಬರ ಅಂಗೈಗೂ ನಿಂಬೆಯ ಪರಿಮಳದ ಕೊಲೋನ್ಯ ಎಂಬ ಸುಗಂಧದ್ರವ ಸುರಿದು, ‘ಗೆಚ್ಮಿಶ್ ಓಲ್ಸುನ್’ ಎಂದರು. ಕಳೆದುಹೋದದ್ದಾಗಲಿ ಎಂದು ಅದರ ಅರ್ಥವಂತೆ. ಮುಂದಿನ ದಿನಗಳಲ್ಲಿ ದಾದಿಯರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರ ಬಾಯಲ್ಲೂ ಅದನ್ನೇ ಕೇಳಿದೆ.

ಮೂರು ಗಂಟೆಯ ಹೊತ್ತಿಗೆ ಅಕ್ಕ ಸತ್ಯವೇದ ತೆರೆದು, ಮರುದಿನ ನಾವು ನೋಡಬೇಕಿದ್ದ ಫಿಲದೆಲ್ಫಿಯದ ಸಭೆಗೆ ಬರೆದ ಪತ್ರವನ್ನು ಮೆಲ್ಲಗೆ ಓದತೊಡಗಿದರು. ಯಾರೂ ಮುಚ್ಚಲಾರದ ಬಾಗಿಲನ್ನು ನಿನ್ನ ಮುಂದೆ ತೆರೆದಿಟ್ಟಿದ್ದೇನೆ ಎಂಬ ಮಾತು ಬಂದಾಗ ನನಗೆ ತಡೆಯಲಾಗಲಿಲ್ಲ. ‘ಎದುರಿಗಿರುವ ಬಾಗಿಲು ಮುಚ್ಚಿಯೇ ಇದೆಯಲ್ಲ, ಓದಬೇಡಿ’ ಎಂದು ಕೂಗಿದೆ. ಅಷ್ಟು ಕಟುವಾಗಿ ನಾನು ಯಾರೊಡನೆಯೂ ಮಾತನಾಡಿದವಳಲ್ಲ. ಅವರು ಪುಸ್ತಕ ಮುಚ್ಚಿದರು, ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ, ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹಾಗೆಯೇ ಕುಳಿತರು. ಆ ಮೌನಕ್ಕೆ ನಾನು ಸಾಯುವವರೆಗೂ ಋಣಿ.

ಯಜಮಾನರು ಕಣ್ಣುಬಿಟ್ಟ ಎರಡನೆಯ ದಿನ ಅಕ್ಕ ತಾವಾಗಿಯೇ ಆ ಪತ್ರದ ಮುಂದಿನ ಭಾಗವನ್ನು ಹೇಳಿದರು. ಕ್ರಿ.ಶ. 17ರ ಭೂಕಂಪದಲ್ಲಿ ಫಿಲದೆಲ್ಫಿಯ ಉರುಳಿತು, ಆಮೇಲೂ ನೆಲ ನಡುಗುತ್ತಲೇ ಇದ್ದುದರಿಂದ ಹೆಚ್ಚಿನ ಜನ ಊರ ಹೊರಗೆ ಹೊಲಗಳಲ್ಲಿ ಬದುಕುತ್ತಿದ್ದರು. ಅಂಥವರಿಗೆ ‘ನಿನ್ನನ್ನು ಕಂಬವಾಗಿ ನಿಲ್ಲಿಸುವೆನು, ನೀನು ಇನ್ನು ಹೊರಗೆ ಹೋಗುವುದಿಲ್ಲ’ ಎಂಬ ಮಾತು ಹೇಗೆ ಕೇಳಿಸಿರಬೇಕು ಎಂದು ಅವರು ತರಗತಿಯಲ್ಲಿ ವಿವರಿಸುವಂತೆ ವಿವರಿಸಿದಾಗ ಯಜಮಾನರು ಮಲಗಿದಲ್ಲಿಂದಲೇ ಪ್ರಶ್ನೆ ಕೇಳಿದರು.

ಅಕ್ಕ ಕಳೆದುಕೊಂಡದ್ದು ಏನೆಂದು ನನಗೆ ತಿಳಿದದ್ದು ತಡವಾಗಿ. ಆ ಸೀಮೆಯ ಹಳೆಯ ರಾಜ್ಯವಾದ ಲಿಡಿಯಾದ ರಾಜರು ಚಿನ್ನ ಬೆಳ್ಳಿ ಬೆರೆತ ಲೋಹದಲ್ಲಿ ನಾಣ್ಯ ಟಂಕಿಸಿದ, ಏಳು ಸಭೆಗಳ ಊರುಗಳಲ್ಲಿ ಒಂದಾದ ಸಾರ್ದಿಸ್ ಪಟ್ಟಣದ ಪಾಠವನ್ನು ಅವರು ಮೂವತ್ತು ವರ್ಷ ಮಕ್ಕಳಿಗೆ ಮಾಡಿದ್ದರು. ಪಿಂಚಣಿಯಲ್ಲಿ ಉಳಿಸಿ ಅವರು ಈ ಯಾತ್ರೆಗೆ ಬಂದದ್ದೇ ಆ ಊರನ್ನು ನೋಡಲು. ಬಸ್ಸು ಅಲ್ಲಿಗೆ ಹೊರಟ ಬೆಳಿಗ್ಗೆ ಅವರು ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಸರದಿ ನಿಂತಿದ್ದರು. ಉಳಿದ ಊರುಗಳನ್ನೂ ಬಿಟ್ಟು, ಟಿಕೆಟ್ಟಿನ ದಿನಾಂಕ ಬದಲಿಸಿ, ನಮ್ಮೊಡನೆಯೇ ಮರಳಿದರು. ಆ ಖರ್ಚನ್ನು ನಾವು ಕೊಡಹೋದರೆ ಇಂದಿಗೂ ತೆಗೆದುಕೊಂಡಿಲ್ಲ.

ರಾತ್ರಿಯೆಲ್ಲ ದೂರವಾಣಿಯಲ್ಲಿ ದುಭಾಷಿಯಾದ ಸ್ಥಳೀಯ ಮಾರ್ಗದರ್ಶಕರಿಗೆ, ವಿಮೆಯ ಕಾಗದಪತ್ರಗಳನ್ನು ಓಡಾಡಿ ಮುಗಿಸಿಕೊಟ್ಟ ಸಭಾಪಾಲಕರಿಗೆ, ತಮ್ಮಲ್ಲಿದ್ದ ಲೀರಾಗಳನ್ನೆಲ್ಲ ಕೂಡಿಸಿ ನನ್ನ ಚೀಲಕ್ಕೆ ಹಾಕಿ ಹೋದ ಸಹಯಾತ್ರಿಕರಿಗೆ, ಬೀಗ ಹಾಕಿದ ನಮ್ಮ ಮನೆಯ ಗಿಡಗಳಿಗೆ ನೀರು ಹಾಕಿದ ನೆರೆಯವರಿಗೆ ನಮ್ಮಿಬ್ಬರ ವಂದನೆಗಳು.

ಯಾತ್ರಿಕರಲ್ಲಿ ಒಂದು ಬೇಡಿಕೆಯಿದೆ. ಸಾರ್ದಿಸ್‌ನಲ್ಲಿ ತೆಗೆದ ಚಿತ್ರಗಳನ್ನು ದಯವಿಟ್ಟು ನನಗೆ ಕಳುಹಿಸಿ. ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಮುಂದಿನ ತಿಂಗಳು ನಾವಿಬ್ಬರೂ ಬೀದರಿಗೆ ಒಯ್ಯಲಿದ್ದೇವೆ. ಅಲ್ಲಿನ ಗ್ರೀಕ್ ದೇವತೆ ಅರ್ತೆಮೀದೇವಿಯ ಗುಡಿಯ ಆ ಎತ್ತರದ ಕಂಬಗಳೂ ಅದರ ಮೂಲೆಗೆ ಆತುಕೊಂಡಿರುವ ಚಿಕ್ಕ ಇಟ್ಟಿಗೆಯ ಚರ್ಚೂ ಒಟ್ಟಿಗೆ ಬಂದಿರುವ ಚಿತ್ರ ಯಾರಲ್ಲಾದರೂ ಇದ್ದರೆ, ಮೊದಲು ಅದನ್ನು ಕಳುಹಿಸಿ.