ಬಯಲು ಸಿನಿಮಾಗೆ ಏಷ್ಯಾದ ಮಕ್ಕಳ ಚಿತ್ರಗಳನ್ನೇ ಹಾಕು

ಪ್ರೀತಿಯ ಗೆಳೆಯ,

ಏಷ್ಯಾ ಕಲಾ ಉತ್ಸವದ ಬಯಲು ಸಿನಿಮಾ ಈ ಸಲ ನಿನ್ನ ಜವಾಬ್ದಾರಿ ಎಂದು ಕೇಳಿ ತುಂಬಾ ಖುಷಿಯಾಯಿತು. ಒಳಗಿನ ಕಾರ್ಯಕ್ರಮಗಳಿಗೆ ಟಿಕೆಟ್ ಬೇಕು, ಮಗು ಅತ್ತರೆ ಎದ್ದು ಹೊರಗೆ ಹೋಗಬೇಕು. ಬಯಲಲ್ಲಿ ಹಾಗಲ್ಲ. ಅಜ್ಜಿ, ಕೈಗೂಸು, ಒಂದು ಕಡೆ ಕೂರದ ಹುಡುಗರು, ಎಲ್ಲರೂ ಒಂದೇ ಚಾಪೆಯ ಮೇಲೆ ಸಿನಿಮಾ ನೋಡಬಹುದು, ದುಡ್ಡಿನ ಮಾತೇ ಇಲ್ಲ. ಎಷ್ಟೋ ಮನೆಯವರ ಪಾಲಿಗೆ ಉತ್ಸವ ಅಂದರೆ ಇದೊಂದೇ ಸಂಜೆ ಕಣೋ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಮಕ್ಕಳು ಮನೆಯಲ್ಲಿ ದಿನಾ ನೋಡುವ ಹಾಲಿವುಡ್ ಕಾರ್ಟೂನನ್ನೇ ಅಲ್ಲೂ ಹಾಕಬೇಡ. ಜನ ಬರುತ್ತಾರೆ, ನಿಜ. ಆದರೆ ಅದಕ್ಕೆ ಏಷ್ಯಾ ಉತ್ಸವವೇ ಬೇಕಿಲ್ಲ ಅಲ್ವಾ?

ನಮ್ಮ ಖಂಡದಲ್ಲಿ ಮಕ್ಕಳ ಸಿನಿಮಾಗೇನು ಕಡಿಮೆ? ಇರಾನಿನಲ್ಲಿ 1965ರಲ್ಲೇ ಮಕ್ಕಳಿಗಾಗಿ ಕಾನೂನ್ ಅನ್ನುವ ಸಂಸ್ಥೆ ಶುರುವಾಯಿತು. ನಿರ್ದೇಶಕ ಅಬ್ಬಾಸ್ ಕಿಯಾರೋಸ್ತಮಿ 1970ರಲ್ಲಿ ತಮ್ಮ ಮೊದಲ ಕಿರುಚಿತ್ರ ಮಾಡಿದ್ದು ಅಲ್ಲಿಯೇ. ರೊಟ್ಟಿ ಹಿಡಿದು ಮನೆಗೆ ಹೊರಟ ಹುಡುಗ, ಓಣಿಯಲ್ಲಿ ಹೆದರಿಸುವ ನಾಯಿ, ಕಥೆ ಇಷ್ಟೇ, ಸುಮಾರು 10 ನಿಮಿಷ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಇನ್ನೂ ಓದಲು ಬಾರದ ಮಗುವಿಗೂ ಆ ಹುಡುಗನ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ಗೊತ್ತಾಗಿಬಿಡುತ್ತದೆ. ಚೀನಾದ ಶಾಂಘೈ ಅನಿಮೇಷನ್ ಸ್ಟುಡಿಯೋದವರು 1960ರ ದಶಕದ ಶುರುವಿನಲ್ಲೇ ಶಾಯಿ ಮತ್ತು ನೀರಿನ ಚಿತ್ರಗಳಿಗೆ ಜೀವ ಕೊಟ್ಟರು. ಅಮ್ಮನನ್ನು ಹುಡುಕಿಕೊಂಡು ಹೋಗುವ ಗೊದಮೊಟ್ಟೆಗಳನ್ನು ದೊಡ್ಡ ಪರದೆಯಲ್ಲಿ ನೋಡಬೇಕು, ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಭಾರತದಲ್ಲಿ 1955ರಲ್ಲಿ ಶುರುವಾದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿಯೂ, 2022ರಲ್ಲಿ ಬೇರೊಂದು ಸಂಸ್ಥೆಯಲ್ಲಿ ವಿಲೀನವಾಗುವವರೆಗೆ, ಹಲವು ಭಾಷೆಗಳಲ್ಲಿ ಮಕ್ಕಳ ಚಿತ್ರ ಮಾಡಿತು.

ಇಂಥ ಕಿರುಚಿತ್ರಗಳನ್ನು ಮೊದಲು ಹಾಕು. ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಬೆಳಕು ಸುಮಾರು ಹೊತ್ತು ಇರುತ್ತದೆ, ಕತ್ತಲಾಗದೆ ಪ್ರೊಜೆಕ್ಟರ್ ಚಿತ್ರ ಸರಿಯಾಗಿ ಕಾಣುವುದಿಲ್ಲ, ಅಷ್ಟರಲ್ಲಿ ಚಿಕ್ಕವರಿಗೆ ನಿದ್ದೆ ಬಂದಿರುತ್ತದೆ. ದೊಡ್ಡ ಚಿತ್ರ ಆಮೇಲೆ ಬರಲಿ, ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ಡಬ್ ಮಾಡಿದ್ದು ಬೇಡ, ಮೂಲ ಭಾಷೆಯಲ್ಲೇ ಕೇಳಲಿ. ಕಷ್ಟವಾದರೆ ಪಕ್ಕದಲ್ಲಿರುವ ಅಪ್ಪನೋ ಅಕ್ಕನೋ ಮೆಲ್ಲಗೆ ಹೇಳಿಕೊಡುತ್ತಾರೆ, ಬಯಲಲ್ಲಿ ಯಾರೂ ಶ್ ಅನ್ನುವುದಿಲ್ಲ. ಸಬ್‌ಟೈಟಲ್ ಪರದೆಯ ಅಡಿಯಲ್ಲಿ ಬರುವುದರಿಂದ, ಮುಂದೆ ಕೂತವರ ತಲೆ ಅಡ್ಡ ಬರದಷ್ಟು ಎತ್ತರಕ್ಕೆ ಪರದೆ ಕಟ್ಟಿಸು. ಪ್ರವೇಶ ಉಚಿತವಾದರೂ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು, ಹಳೆಯ ಚಿತ್ರಗಳಿಗಂತೂ ಅವರನ್ನು ಹುಡುಕುವುದಕ್ಕೇ ತುಂಬಾ ಸಮಯ ಹಿಡಿಯುತ್ತದೆ. ಅವರಿಗೆ ಈಗಲೇ ಬರೆಯಲು ಶುರುಮಾಡು.

ಪಟ್ಟಿ ಕಳಿಸು, ಜೊತೆಗೆ ಕೂತು ನೋಡಿ ಆರಿಸೋಣ.

ನಿನ್ನ ಗೆಳೆಯ