ಮಂಗಳೂರಿನ ಹಂಪನಕಟ್ಟೆಯ ಸೈಬರ್ ಅಂಗಡಿಯ ಅಣ್ಣನಿಗೆ

ಅಮ್ಮನ ಅಮೆರಿಕ ವೀಸಾ ಅರ್ಜಿ ತುಂಬಿಸಿಕೊಟ್ಟ ಅಣ್ಣಾ, ಆ ಜನಜಂಗುಳಿಯಲ್ಲಿ ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಎಷ್ಟೋ ಹೆಂಗಸರಂತೆ ಅಮ್ಮನ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಜಾಗ ಖಾಲಿ. ವೀಸಾ ಅರ್ಜಿಯ ಡಿಎಸ್-160 ಫಾರ್ಮ್ ಮಾತ್ರ ಸರ್‌ನೇಮ್, ಗಿವನ್ ನೇಮ್ ಎರಡನ್ನೂ ಕೇಳುತ್ತದೆ. ಅಪ್ಪನ ಹೆಸರು ಹಾಕೋಣವೆಂದು ಅಮ್ಮ ಅಂದಾಗ ನೀವು, 'ಪಾಸ್‌ಪೋರ್ಟಲ್ಲಿ ಇಲ್ಲದ್ದು ಬೇಡಮ್ಮಾ' ಎಂದು ತಡೆದಿರಿ. ಇದ್ದ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಇನ್ನೊಂದರಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ', ಎಂದು ತುಂಬಿದಿರಿ. ಪಾಸ್‌ಪೋರ್ಟ್ ನಂಬರಿನ ಕೆಳಗೆ ಸ್ಕೇಲ್ ಇಟ್ಟು ಒಂದೊಂದೇ ಅಂಕಿ ಓದಿದಿರಿ, ಅಮ್ಮನ ಬಾಯಲ್ಲೂ ಓದಿಸಿದಿರಿ. ಹಿಂದೆ ಅಷ್ಟು ಜನ ಗೊಣಗುತ್ತಿದ್ದರೂ ನಿಮಗೆ ಅವಸರವಿರಲಿಲ್ಲ.

ಅದರ ಬೆಲೆ ತಿಳಿದದ್ದು ಚೆನ್ನೈಯಲ್ಲಿ. ಇಂಟರ್‌ವ್ಯೂಗೆ ಮೊದಲು ಬೆರಳಚ್ಚು, ಫೋಟೊ ಕೊಡುವ ಕೇಂದ್ರದಲ್ಲಿ ನಮಗಿಂತ ಮುಂದಿದ್ದ ಅಜ್ಜರೊಬ್ಬರನ್ನು, ಫಾರ್ಮಿನ ನಂಬರ್ ಅಪಾಯಿಂಟ್‌ಮೆಂಟಿನದಕ್ಕೆ ಹೊಂದುತ್ತಿಲ್ಲವೆಂದು ಬದಿಗೆ ನಿಲ್ಲಿಸಿದರು. ಪಾಪ, ಫಾರ್ಮ್ ತುಂಬಿದವರು ಯಾರೋ, ಬೆವರಿದವರು ಅವರು. ಅಮ್ಮನದು ಒಂದೇ ಒಂದು ಪ್ರಶ್ನೆಯಿಲ್ಲದೆ ಮುಗಿಯಿತು. ಮರುದಿನದ ಇಂಟರ್‌ವ್ಯೂಗೆ ಅವರು ಧೈರ್ಯದಿಂದ ಹೋದದ್ದೂ ಅದರಿಂದಲೇ.

ವೀಸಾ ಬಂತು ಅಣ್ಣಾ. ಅಕ್ಕನ ಹೆರಿಗೆಗೆ ಮೊದಲೇ ಅಮ್ಮ ಅಲ್ಲಿರುತ್ತಾರೆ. ನಿಮ್ಮಿಂದ ತುಂಬಾ ಉಪಕಾರವಾಯಿತು.